ನಾನೇ ಮಾರ್ಕ್ ಮಾಡಿಸಿದ ಪುಟ, ನಾನೇ ಓದಿರಲಿಲ್ಲ

"ಈ ದಾಖಲೆಯನ್ನು ಟ್ರಿಬ್ಯೂನಲ್‌ನಲ್ಲಿ ಆ ಸಾಕ್ಷಿಗೆ ತೋರಿಸಿ ಪ್ರಶ್ನೆ ಕೇಳಿದ್ದೀರಾ?"

2024ರ ಜುಲೈನಲ್ಲಿ ಹೈಕೋರ್ಟ್‌ನಲ್ಲಿ ಎಂಎಫ್‌ಎ (ಅಪಘಾತ ಪರಿಹಾರದ ಟ್ರಿಬ್ಯೂನಲ್ ಆದೇಶದ ಮೇಲಿನ ಅಪೀಲು) ವಾದ ಮಾಡುವಾಗ ನ್ಯಾಯಮೂರ್ತಿಗಳು ಹೀಗೆ ಕೇಳಿದರು. "ಇಲ್ಲ, ಮೈ ಲಾರ್ಡ್" ಅಂದೆ. ವಕೀಲಳಾಗಿ ನಿಂತಿದ್ದವಳಿಗೆ ಕಟಕಟೆಯಲ್ಲಿ ನಿಂತ ಹಾಗೆ ಆಯಿತು. ಆ ದಿನ ಅಪೀಲು ನಮ್ಮ ಪರವಾಗಿಯೇ ಆಯಿತು. ಆದರೂ ಆ ಪ್ರಶ್ನೆ ನೆನಪಾದರೆ ಈಗಲೂ ಹೊಟ್ಟೆ ಹಿಂಡಿದಂತಾಗುತ್ತದೆ. ಎಂವಿಸಿ ಕೇಸು, ಅಂದರೆ ವಾಹನ ಅಪಘಾತದ ಪರಿಹಾರದ ಕೇಸು ನಡೆಸುವ ಜೂನಿಯರ್‌ಗಳು ಯಾರಾದರೂ ಓದಲಿ ಅಂತ ಬರೆಯುತ್ತಿದ್ದೇನೆ.

ಅಪಘಾತ ಆಗಿದ್ದು 2019ರ ನವೆಂಬರ್‌ನಲ್ಲಿ. ತುಮಕೂರಿನಿಂದ ಚಿತ್ರದುರ್ಗದ ಕಡೆ ಹೋಗುವ ಹೆದ್ದಾರಿ. ಸೆಂಟ್ರಿಂಗ್ ಕೆಲಸ ಮುಗಿಸಿ ಸಂಜೆ ರಸ್ತೆ ಪಕ್ಕ ನಡೆದು ಬರುತ್ತಿದ್ದ 38 ವರ್ಷದ ಒಬ್ಬರಿಗೆ ಹಿಂದಿನಿಂದ ಗೂಡ್ಸ್ ಗಾಡಿ ಹೊಡೆಯಿತು. ಗಾಡಿ ನಿಲ್ಲಿಸಲಿಲ್ಲ. ತಲೆಗೆ ದೊಡ್ಡ ಪೆಟ್ಟು, ಬಲ ತೊಡೆಯ ಮೂಳೆ ಮುರಿದಿತ್ತು. 108ರಲ್ಲಿ ತಾಲ್ಲೂಕು ಆಸ್ಪತ್ರೆಗೆ ತಂದರು. ಅಲ್ಲಿಂದ ಅದೇ ರಾತ್ರಿ ಬೆಂಗಳೂರಿಗೆ. ಎದುರಿನ ಟೀ ಅಂಗಡಿಯವರು ಗಾಡಿ ನಂಬರ್ ನೋಡಿಕೊಂಡಿದ್ದರು. ಹೆಂಡತಿ ಐಸಿಯು ಬಾಗಿಲಲ್ಲಿ ಕೂತಿದ್ದರು. ಹಾಗಾಗಿ ಕಂಪ್ಲೇಂಟ್ ಕೊಡುವಾಗ ಒಂಬತ್ತು ದಿನ ಕಳೆದಿತ್ತು. ಪೊಲೀಸರು ಡ್ರೈವರ್ ಮೇಲೆ ಐಪಿಸಿ 279, 338 (ಅಜಾಗರೂಕ ಚಾಲನೆ, ಅದರಿಂದ ತೀವ್ರ ಗಾಯ), ಎಂವಿ ಆಕ್ಟ್ 187 (ಅಪಘಾತ ಮಾಡಿ ನಿಲ್ಲಿಸದೆ ಹೋದದ್ದು) ಹಾಕಿ ಚಾರ್ಜ್‌ಶೀಟ್ ಸಲ್ಲಿಸಿದರು. ಡ್ರೈವರ್ ತಪ್ಪೊಪ್ಪಿಕೊಂಡು ದಂಡ ಕಟ್ಟಿದ.

ಫೈಲ್ ನನ್ನ ಕೈಗೆ ಬಂದಾಗ ನಾನು ಎಣಿಸಿದ್ದು ಇಷ್ಟೇ: ಚಾರ್ಜ್‌ಶೀಟ್ ಇದೆ, ದಂಡ ಕಟ್ಟಿದ್ದಾನೆ, ಪಾಲಿಸಿ ಚಾಲ್ತಿಯಲ್ಲಿದೆ. ನೆಗ್ಲಿಜೆನ್ಸ್ (ಚಾಲಕನ ತಪ್ಪು) ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ, ಜಗಳ ಏನಿದ್ದರೂ ಕ್ವಾಂಟಮ್ (ಪರಿಹಾರದ ಮೊತ್ತ) ಮೇಲೆ. ಆಗ ನನ್ನ ಮೇಲೆ ಇನ್ನೂ ಎಂಬತ್ತು ಫೈಲ್ ಇದ್ದವು. ನಮ್ಮ ಆಫೀಸಿನಲ್ಲಿ ಫೈಲ್ ಹಂಚುವ ರೀತಿಯೇ ಹಾಗೆ. ಯಾರು ಎದುರು ಸಿಕ್ಕರೋ ಅವರ ಮೇಜಿಗೆ. ಅದರ ಬಗ್ಗೆ ನನಗೆ ಇವತ್ತಿಗೂ ತಕರಾರಿದೆ. ಆದರೆ ಈ ಕೇಸಿನ ತಪ್ಪನ್ನು ಅದರ ಮೇಲೆ ಹಾಕಿ ಕೈತೊಳೆದುಕೊಳ್ಳಲು ಆಗುವುದಿಲ್ಲ.

ಚೀಫ್ ಅಫಿಡವಿಟ್‌ನಿಂದಲೇ, ಅಂದರೆ ಸಾಕ್ಷಿಯ ಮೊದಲ ಹೇಳಿಕೆಯನ್ನು ಬರೆದು ಕೊಡುವ ಪ್ರಮಾಣಪತ್ರದಿಂದಲೇ ಎಡವಿದ್ದೆ. ಆಫೀಸಿನ ಕಂಪ್ಯೂಟರ್‌ನಲ್ಲಿ ಒಂದು ಮಾದರಿ ಇದೆ. ಹೆಸರು, ದಿನಾಂಕ, ಗಾಡಿ ನಂಬರ್ ಬದಲಾಯಿಸಿ ಪ್ರಿಂಟ್ ತೆಗೆಯುವುದು. ಅದರಲ್ಲಿ "ಸದರಿ ವಾಹನದ ಚಾಲಕ ಅತಿವೇಗ ಮತ್ತು ಅಜಾಗರೂಕತೆಯಿಂದ ಓಡಿಸಿಕೊಂಡು ಬಂದು ನನಗೆ ಡಿಕ್ಕಿ ಹೊಡೆದಿರುತ್ತಾನೆ" ಅಂತ ಮೊದಲೇ ಇರುತ್ತದೆ. ನಮ್ಮ ಪಿಡಬ್ಲ್ಯೂ-1ಗೆ, ಅಂದರೆ ನಮ್ಮ ಕಡೆಯ ಮೊದಲ ಸಾಕ್ಷಿಯಾದ ಗಾಯಾಳುವಿಗೆ, ತಲೆಪೆಟ್ಟಿನಿಂದ ಆ ಸಂಜೆಯ ನೆನಪೇ ಉಳಿದಿರಲಿಲ್ಲ. ಕ್ರಾಸ್‌ನಲ್ಲಿ (ಪಾಟೀಸವಾಲಿನಲ್ಲಿ) ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳಿದರು: "ನಂಗೇನೂ ಗ್ಯಾಪ್ಕ ಇಲ್ಲ ಸಾರ್." ನಿಜ ಹೇಳಿದ ಮನುಷ್ಯ ನನ್ನ ಮಾದರಿ ಅಫಿಡವಿಟ್‌ನಿಂದ ಸುಳ್ಳುಗಾರನಂತೆ ಕಂಡರು.

ಟೀ ಅಂಗಡಿಯವರನ್ನು ಸಾಕ್ಷಿಗೆ ಕರೆಸಲಿಲ್ಲ. "ಒಂದಿನ ಅಂಗಡಿ ಮುಚ್ಚಬೇಕಾಗುತ್ತೆ ಮೇಡಂ, ಬರಲೇಬೇಕಾ?" ಅಂತ ಫೋನಿನಲ್ಲಿ ಕೇಳಿದ್ದರು. "ಪರವಾಗಿಲ್ಲ ಬಿಡಿ, ಚಾರ್ಜ್‌ಶೀಟ್ ಇದೆಯಲ್ಲ" ಅಂದೆ. ಅವರಿಗೆ ಉಪಕಾರ ಮಾಡಿದೆ ಅಂದುಕೊಂಡೆ.

ಆಮೇಲೆ ಎದುರು ಪಕ್ಷದ ಎರಡನೇ ಸಾಕ್ಷಿ, ಆರ್‌ಡಬ್ಲ್ಯೂ-2 ಬಂದರು. ತಾಲ್ಲೂಕು ಆಸ್ಪತ್ರೆಯ ರೆಕಾರ್ಡ್ಸ್ ನೋಡಿಕೊಳ್ಳುವವರು. ಇನ್ಶೂರೆನ್ಸ್ ಕಂಪನಿ ವಕೀಲರು ಅವರ ಮೂಲಕ ಎಂಎಲ್‌ಸಿ ರಿಜಿಸ್ಟರ್‌ನ (ಪೊಲೀಸ್ ಕೇಸಿಗೆ ಸಂಬಂಧಪಟ್ಟ ಗಾಯಾಳುಗಳ ದಾಖಲೆ ಪುಸ್ತಕ) ಪ್ರತಿಯನ್ನು ಆರ್-3 ಅಂತ ಮಾರ್ಕ್ ಮಾಡಿಸಿದರು, ಅಂದರೆ ಸಾಕ್ಷ್ಯವಾಗಿ ದಾಖಲಿಸಿದರು. ರಾತ್ರಿ 8.40ರ ಎಂಟ್ರಿ. ಹಿಸ್ಟರಿ, ಅಂದರೆ ಗಾಯ ಹೇಗಾಯಿತು ಅನ್ನುವ ವಿವರ: ಬೈಕ್ ಸ್ಕಿಡ್ ಆಗಿ ಬಿದ್ದದ್ದು. ನನಗೆ ಬೆವರು ಬಂತು. ನಮ್ಮ ಮನುಷ್ಯನಿಗೆ ಬೈಕೇ ಇರಲಿಲ್ಲ. ಸ್ಥಳ ಮಹಜರಿನಲ್ಲಿ ಬೈಕಿನ ಸುದ್ದಿಯೇ ಇಲ್ಲ.

ಕ್ರಾಸ್ ಮಾಡಲು ಎದ್ದೆ. ಗಂಟೆ ಹನ್ನೆರಡೂಕಾಲು. ಪಕ್ಕದ ಹಾಲ್‌ನಲ್ಲಿ ಇನ್ನೊಂದು ಮ್ಯಾಟರ್ ಕೂಗುವ ಹೊತ್ತು. ನಾಳೆಗೆ ಡೆಫರ್ ಮಾಡಿ ಅಂತ ಕೇಳಬಹುದಿತ್ತು. ಕೇಳಲಿಲ್ಲ. "ಈ ಹಿಸ್ಟರಿ ಯಾರು ಹೇಳಿದ್ದು ಅಂತ ನಿಮಗೆ ಗೊತ್ತಿಲ್ಲ ಅಂದರೆ ಸರೀನಾ?" ಅಂದೆ. "ಗೊತ್ತಿಲ್ಲ" ಅಂತಾರೆ, ಕೂತುಬಿಡೋಣ ಅಂತ ನನ್ನ ಲೆಕ್ಕ. ಅವರು ರಿಜಿಸ್ಟರ್ ನೋಡಿ ನಿಧಾನವಾಗಿ ಹೇಳಿದರು: "ಗಾಯಾಳುವೇ ಹೇಳಿದ್ದು ಅಂತ ಬರೆದಿದೆ."

ನನ್ನ ಪ್ರಶ್ನೆಗೇ ಬಂದ ಉತ್ತರ. ಅದು ನಮ್ಮ ವಿರುದ್ಧ ದಾಖಲಾಯಿತು. ಮುಂದೆ ಏನು ಕೇಳಬೇಕೋ ತೋಚಲಿಲ್ಲ. "ಕಂಪನಿಗೆ ಅನುಕೂಲ ಮಾಡಲು ಸುಳ್ಳು ಹೇಳುತ್ತಿದ್ದೀರಿ" ಅಂತ ಒಂದು ಸಜೆಶನ್ ಹಾಕಿದೆ. "ಸರಿಯಲ್ಲ" ಅಂದರು. ಕ್ರಾಸ್ ಮುಗಿಯಿತು. ಆ ಹೊತ್ತಿನಲ್ಲಿ ನನ್ನ ಮುಂದೆ ಮೇಜಿನ ಮೇಲೆ ನಮ್ಮ ಕಡೆಯ ದಾಖಲೆ ಪಿ-9ರ ಜೆರಾಕ್ಸ್ ಇತ್ತು. ಬೆಂಗಳೂರಿನ ಆಸ್ಪತ್ರೆಯ ಪೂರ್ತಿ ಕೇಸ್‌ಶೀಟ್. ನಾನೇ ಮಾರ್ಕ್ ಮಾಡಿಸಿದ್ದು. ಬಿಲ್ಲುಗಳಿಗೂ ಡಿಸೆಬಿಲಿಟಿಗೂ ಬೇಕು ಅಂತ ಅದನ್ನು ಇಡಿಯಾಗಿ ಹಾಕಿದ್ದೆ. ಡಿಸ್ಚಾರ್ಜ್ ಸಮ್ಮರಿ ಓದಿದ್ದೆ, ಆಪರೇಷನ್ ನೋಟ್ಸ್ ಓದಿದ್ದೆ. ಮಿಕ್ಕಿದ್ದನ್ನು ಓದಿರಲಿಲ್ಲ.

2022ರ ಆಗಸ್ಟ್‌ನಲ್ಲಿ ಕ್ಲೇಮ್ ಡಿಸ್ಮಿಸ್ ಆಯಿತು. ಬಿಮ್ಲಾ ದೇವಿ ಕೇಸಿನಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಕೊಟ್ಟಿದ್ದೆ. ಅಪಘಾತದ ಕ್ಲೇಮಿಗೆ ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ಪುರಾವೆ ಬೇಕಿಲ್ಲ, ಯಾವುದು ಹೆಚ್ಚು ಸಂಭವವೋ ಅದು ಸಾಕು ಅಂತ. ರವಿ ವರ್ಸಸ್ ಬದ್ರಿನಾರಾಯಣ್, 2011, ಅದನ್ನೂ ಕೊಟ್ಟಿದ್ದೆ. ದೂರು ತಡವಾಯಿತು ಅನ್ನುವುದೊಂದೇ ಕಾರಣಕ್ಕೆ ಕ್ಲೇಮನ್ನು ಅನುಮಾನಿಸಬಾರದು ಅಂತ ಅದರಲ್ಲಿದೆ. ಟ್ರಿಬ್ಯೂನಲ್ ಎರಡನ್ನೂ ಒಪ್ಪಿತು. ಒಪ್ಪಿದ ಮೇಲೆ ಬರೆದದ್ದು ಹೀಗೆ: ಇಲ್ಲಿ ತಡವೊಂದೇ ಅಲ್ಲ, ಗಾಯಾಳುವೇ ಬೈಕಿನಿಂದ ಬಿದ್ದೆ ಅಂದಿದ್ದಾನೆ, ಕಣ್ಣಾರೆ ಕಂಡವರು ಬಂದಿಲ್ಲ, ಪಿಡಬ್ಲ್ಯೂ-1ಗೆ ಏನೂ ನೆನಪಿಲ್ಲ. ಹಾಗಾಗಿ ಪೊಲೀಸರ ಜೊತೆ ಸೇರಿ ಈ ಗಾಡಿಯನ್ನು ಸಿಕ್ಕಿಸಿದ್ದಾರೆ. ಸಾಕ್ಷ್ಯ ಇಲ್ಲದ ಜಾಗದಲ್ಲಿ ಸೈಟೇಶನ್ ಇಟ್ಟಿದ್ದೆ. ಅದು ನಿಲ್ಲಲಿಲ್ಲ.

ಗಾಯಾಳುವಿನ ಹೆಂಡತಿಗೆ ಫೋನ್ ಮಾಡಿ ತಿಳಿಸಿದೆ. ಅವರನ್ನು ನಾನು ಅಕ್ಕ ಅಂತಲೇ ಕರೆಯುವುದು. ಗಂಡ ಹಾಸಿಗೆ ಹಿಡಿದ ಮೇಲೆ ಗಾರ್ಮೆಂಟ್ಸ್‌ಗೆ ಹೋಗಿ ಮನೆ ನಡೆಸುತ್ತಿದ್ದರು. ದುಡ್ಡಿನ ಬಗ್ಗೆ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

"ಮೇಡಂ, ನಾವು ಸುಳ್ಳು ಹೇಳಿದ್ದೀವಿ ಅಂತ ಬರೆದವ್ರಾ?"

"ಹಾಗಲ್ಲ ಅಕ್ಕ, ಪುರಾವೆ ಸಾಲದು ಅಂತ..." ಅಂದೆ. ಅದು ನಿಜವಾಗಿರಲಿಲ್ಲ. ಸುಳ್ಳು ಅಂತಲೇ ಬರೆದಿತ್ತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಆಯ್ತು ಮೇಡಂ" ಅಂತ ಇಟ್ಟರು.

ಎಂವಿ ಆಕ್ಟ್ ಸೆಕ್ಷನ್ 173ರ ಕೆಳಗೆ ಅಪೀಲಿಗೆ 90 ದಿನ. ಸರ್ಟಿಫೈಡ್ ಕಾಪಿಗೆ ಹಿಡಿದ ದಿನ ಕಳೆದರೂ ನಾವು ಫೈಲ್ ಮಾಡುವಾಗ 74 ದಿನ ತಡವಾಗಿತ್ತು. ಡಿಲೇ ಅಪ್ಲಿಕೇಶನ್‌ನಲ್ಲಿ ಮನೆಯ ಕಷ್ಟ, ಗಂಡನ ಆರೈಕೆ, ಹಣದ ಅಡಚಣೆ ಅಂತ ಬರೆದೆವು. ಅಷ್ಟೂ ನಿಜ. ಆದರೆ ಕಾಪಿ ಕೈಗೆ ಬಂದ ಮೇಲೂ ಅದನ್ನು ತೆಗೆದು ಓದುವ ಧೈರ್ಯ ಬಾರದೆ ನಾನು ಒಂದು ತಿಂಗಳು ಸುಮ್ನೆ ಇಟ್ಟುಕೊಂಡಿದ್ದೆ. ಅಕ್ಕನಿಗೆ "ದಸರಾ ಕಳೀಲಿ, ಬನ್ನಿ" ಅಂದಿದ್ದೆ. ಹೈಕೋರ್ಟ್ ಡಿಲೇ ಮನ್ನಿಸಿತು, ಆ 74 ದಿನಕ್ಕೆ ಬಡ್ಡಿ ಕೇಳುವಂತಿಲ್ಲ ಅನ್ನುವ ಷರತ್ತಿನ ಮೇಲೆ.

ಅಪೀಲಿನ ಮೊದಲ ಡ್ರಾಫ್ಟ್‌ನಲ್ಲಿ ನಾನು ಆರ್ಡರ್ 41 ರೂಲ್ 27ರ ಕೆಳಗೆ ಒಂದು ಐಎ (ಅಪೀಲಿನಲ್ಲಿ ಹೊಸ ಸಾಕ್ಷ್ಯ ತರಲು ಅರ್ಜಿ) ಹಾಕಿದ್ದೆ. ಟೀ ಅಂಗಡಿಯವರ ಅಫಿಡವಿಟ್ ಸಹಿತ. ಸೀನಿಯರ್ ಓದಿ, ಪೆನ್ನಿನ ತುದಿಯನ್ನು ಒಂದೇ ಪದದ ಮೇಲಿಟ್ಟರು. ತಕ್ಕ ಪ್ರಯತ್ನ ಮಾಡಿದರೂ ಮೊದಲು ತರಲಾಗಲಿಲ್ಲ ಅಂತ ಹೇಳುವ ಪದ.

"ಡ್ಯೂ ಡಿಲಿಜೆನ್ಸ್ ಅಂತ ಬರೆದಿದ್ದೀಯಲ್ಲಮ್ಮ. ಈ ಸಾಕ್ಷಿ ಇದ್ದಾರೆ ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು ಸಾರ್."

"ಬರ್ತೀನಿ ಅಂದಿದ್ರಾ?"

"ನಾನೇ ಬೇಡ ಅಂದೆ."

ಅವರು ಬೈಯಲಿಲ್ಲ. "ಹೊಸದು ತರೋದು ಆಮೇಲೆ. ಒಳಗೆ ಇರೋದನ್ನ ಮೊದಲು ಓದು. ಪ್ರತಿ ಪುಟ" ಅಂತ ಟ್ರಯಲ್ ಕೋರ್ಟ್ ರೆಕಾರ್ಡ್ ಪ್ರತಿಯನ್ನು ನನ್ನ ಕಡೆ ತಳ್ಳಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ಆ ದಿನಗಳಲ್ಲೇ ಲಾ ಕಾಲೇಜಿನ ಗೆಳತಿಯೊಬ್ಬಳು ಅಮೆರಿಕದಿಂದ ಫೋನ್ ಮಾಡಿದ್ದಳು. ಅಲ್ಲಿ ಇಂಥದೇ ಗಾಯದ ಕೇಸುಗಳ ಆಫೀಸಿನಲ್ಲಿ ಕೆಲಸ. ಅವರಲ್ಲಿ ಜ್ಯೂರಿ ಇರುತ್ತದೆ. ವಾದಿಯ ಸಾಕ್ಷ್ಯ ಮುಗಿದಾಗ, ಇಷ್ಟರ ಮೇಲೆ ಯಾವ ಜ್ಯೂರಿಯೂ ವಾದಿಯ ಪರ ತೀರ್ಪು ಕೊಡಲಾರದು ಅಂತ ಜಡ್ಜ್‌ಗೆ ಅನ್ನಿಸಿದರೆ, ಕೇಸನ್ನು ಜ್ಯೂರಿಗೆ ಕಳಿಸದೆ ಅಲ್ಲೇ ಮುಗಿಸಬಹುದು. ಅದಕ್ಕೆ ಡೈರೆಕ್ಟೆಡ್ ವರ್ಡಿಕ್ಟ್ ಅಂತಾರೆ. ಫೆಡರಲ್ ಕೋರ್ಟ್‌ಗಳಲ್ಲಿ 1991ರಲ್ಲಿ ಹೆಸರು ಬದಲಾಯಿತು, ಹಲವು ರಾಜ್ಯಗಳಲ್ಲಿ ಹಳೆಯ ಹೆಸರೇ ಇದೆ. ಅದರ ಮೇಲೆ ಅಪೀಲು ಹೋದರೆ ಮೇಲಿನ ಕೋರ್ಟ್ ಇಡೀ ಸಾಕ್ಷ್ಯವನ್ನು ಸೋತವರ ಪರವಾಗಿ ಎಷ್ಟು ಓದಬಹುದೋ ಅಷ್ಟು ಓದಿ ನೋಡುತ್ತದೆ. ಆದರೆ ದಾಖಲೆಗೆ ಬಂದದ್ದನ್ನು ಮಾತ್ರ. ನಮ್ಮಲ್ಲಿ ಜ್ಯೂರಿ ಇಲ್ಲ. ಎಂಎಫ್‌ಎನಲ್ಲಿ ಫ್ಯಾಕ್ಟ್ಸ್ ಮತ್ತು ಕಾನೂನು ಎರಡನ್ನೂ ಮತ್ತೆ ನೋಡಬಹುದು. ಅಷ್ಟು ವ್ಯತ್ಯಾಸ. "ನಾನು ದಿನಾ ಮಾಡೋ ಕೆಲಸ ಒಂದೇ ಕಣೆ, ಹಳೇ ರೆಕಾರ್ಡ್ ಹುಡುಕೋದು. ಟ್ರಯಲ್ ಲಾಯರ್ ಕಣ್ಣಿಗೆ ಬೀಳದೇ ಹೋಗಿದ್ದು ಅಲ್ಲೇ ಎಲ್ಲೋ ಇರುತ್ತೆ" ಅಂದಳು. ಆ ಟ್ರಯಲ್ ಲಾಯರ್ ನಾನೇ ಅಂತ ಅವಳಿಗೆ ಹೇಳಲಿಲ್ಲ.

ಎರಡು ರಾತ್ರಿ ಓದಿದೆ. ಎರಡನೆಯ ರಾತ್ರಿ ಹನ್ನೊಂದರ ಹೊತ್ತಿಗೆ ಪಿ-9ರ ಹದಿನಾಲ್ಕನೇ ಪುಟ. ಅದು ಬೆಂಗಳೂರಿನ ಆಸ್ಪತ್ರೆಯ ಕಾಗದವೇ ಅಲ್ಲ. ತಾಲ್ಲೂಕು ಆಸ್ಪತ್ರೆಯವರು ರೋಗಿಯ ಜೊತೆ ಕಳಿಸಿದ್ದ ರೆಫರಲ್ ಚೀಟಿ, ಕೇಸ್‌ಶೀಟ್‌ನೊಳಗೆ ಸೇರಿಕೊಂಡಿತ್ತು. ಡ್ಯೂಟಿ ಡಾಕ್ಟರ್ ಕೈಬರಹ. ಸಮಯ 8.50. ಜಿಸಿಎಸ್ (ಪ್ರಜ್ಞೆಯ ಮಟ್ಟ ಅಳೆಯುವ ಅಂಕ) ಇ1 ವಿ2 ಎಂ3.

ಒಟ್ಟು ಆರು. ಹದಿನೈದಕ್ಕೆ ಆರು. ವಿ2 ಅಂದರೆ ಬಾಯಿಂದ ನರಳುವ ಸದ್ದು ಬರಬಹುದು, ಪದ ಬರುವುದಿಲ್ಲ. ಕಣ್ಣು ತೆರೆದಿರಲಿಲ್ಲ. 8.40ಕ್ಕೆ "ಬೈಕ್ ಸ್ಕಿಡ್ ಆಗಿ ಬಿದ್ದೆ" ಅಂತ ಈ ಮನುಷ್ಯ ಹೇಳಿದನಂತೆ.

ತುಂಬಾ ಹೊತ್ತು ಆ ಪುಟವನ್ನು ಹಿಡಿದು ಕೂತಿದ್ದೆ. ಖುಷಿಯಾಗಬೇಕಿತ್ತು ಅಲ್ವಾ? ಆಗಲಿಲ್ಲ. ಆ ಮಧ್ಯಾಹ್ನ ಈ ಪುಟ ನನ್ನ ಎದುರೇ ಇತ್ತು. ಆರ್‌ಡಬ್ಲ್ಯೂ-2 ಕೈಗೆ ಕೊಟ್ಟು "ಇದು ನಿಮ್ಮ ಆಸ್ಪತ್ರೆಯದೇ ತಾನೇ?" ಅಂತ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಐಎ ಹರಿದು ಹಾಕಿ ಗ್ರೌಂಡ್ಸ್ ಹೊಸದಾಗಿ ಬರೆದೆ.

ಹಿಯರಿಂಗ್ ದಿನ ಸೀನಿಯರ್ "ನೀನೇ ಮಾಡು" ಅಂದರು. ಚಾರ್ಜ್‌ಶೀಟ್‌ನಿಂದ ಶುರು ಮಾಡಿದೆ. ಎರಡು ನಿಮಿಷಕ್ಕೆ ನ್ಯಾಯಮೂರ್ತಿಗಳು ತಡೆದರು. "ಅದು ಬಿಡಿ. ಎಂಎಲ್‌ಸಿಗೆ ಏನು ಹೇಳುತ್ತೀರಿ?" ನಾನು ಕಾಯುತ್ತಿದ್ದುದೇ ಅದಕ್ಕೆ. "ಎಕ್ಸಿಬಿಟ್ ಪಿ-9, ಪುಟ 14 ನೋಡಬೇಕು, ಮೈ ಲಾರ್ಡ್."

ಅವರು ತೆಗೆದರು. ಕನ್ನಡಕ ಸರಿ ಮಾಡಿಕೊಂಡರು. "ಇದು ಡ್ರಗ್ ಚಾರ್ಟ್ ಅಲ್ಲವೇ?"

ನನ್ನ ಕೈಯಲ್ಲಿದ್ದದ್ದು ಆಫೀಸ್ ಸೆಟ್‌ನ ಪುಟ ಸಂಖ್ಯೆ. ಕೋರ್ಟ್‌ನ ಕಡತದಲ್ಲಿ ಕನ್ಸೆಂಟ್ ಫಾರಂಗಳು ಮುಂದೆ ಸೇರಿ ಎಲ್ಲ ಅದಲುಬದಲಾಗಿತ್ತು. ಹಿಂದಿನ ಪುಟ ನೋಡಬೇಕು ಅಂದೆ. ಅದೂ ಅಲ್ಲ. ಮುಂದಿನದು ಅಂದೆ. ಎದುರು ಕಂಪನಿ ವಕೀಲರು ಎದ್ದು ನಿಂತರು. "ಇಂಥ ದಾಖಲೆಯನ್ನು ನಮ್ಮ ಸಾಕ್ಷಿಗೆ ತೋರಿಸಿಯೇ ಇಲ್ಲ" ಅಂದರು. ಅವರ ಮಾತು ನಿಜ. ಟ್ಯಾಬ್‌ನಲ್ಲಿ ಸ್ಕ್ಯಾನ್ ತೆಗೆದೆ. ಬುಕ್‌ಮಾರ್ಕ್ ಇಲ್ಲ, ಅರ್ಧ ಪುಟಗಳು ಅಡ್ಡ, ಕೆಲವು ತಲೆಕೆಳಗು. ನಾನು ಬೆರಳಿನಿಂದ ತಳ್ಳುತ್ತಲೇ ಇದ್ದೆ. ಹಾಲ್‌ನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಮುಂದಿನ ಮ್ಯಾಟರ್‌ನವರು ಫೈಲ್ ಹಿಡಿದು ನನ್ನ ಬೆನ್ನ ಹಿಂದೆ ಬಂದು ನಿಂತಿದ್ದರು. ನ್ಯಾಯಮೂರ್ತಿಗಳ ಬೆರಳು ಕಡತದ ಅಂಚಿಗೆ ಹೋಯಿತು. ಮುಚ್ಚಿಬಿಟ್ಟರೆ ಅಷ್ಟೇ ಅನ್ನಿಸಿತು.

"ಪಾಸ್ ಓವರ್ ಕೊಡಬೇಕು, ಮೈ ಲಾರ್ಡ್. ಆ ಪುಟ ದಾಖಲೆಯಲ್ಲಿ ಇದೆ. ನಾನು ಓದಿದ್ದೇನೆ." ಸ್ವಲ್ಪ ಹೊತ್ತಾದ ಮೇಲೆ ನಮ್ಮ ಕೇಸನ್ನು ಮತ್ತೆ ಕೂಗಲಿ ಅಂತ ಕೇಳಿದ್ದು. ಧ್ವನಿ ನಡುಗಿತು. ಅವರು ಒಂದು ಕ್ಷಣ ನೋಡಿ ಕೊಟ್ಟರು.

ಕಾರಿಡಾರಿನಲ್ಲಿ ನೆಲದ ಮೇಲೆ ಕೂತು ಹುಡುಕಿದೆ. ಸ್ಕ್ಯಾನ್‌ನ 212ನೇ ಪುಟ. ತಲೆಕೆಳಗಾಗಿತ್ತು. ಸೆಕೆಂಡ್ ಕಾಲ್‌ಗೆ ನಂಬರ್ ಹೇಳಿದೆ. ಅವರು ತಿರುಗಿಸಿ ಗಟ್ಟಿಯಾಗಿ ಓದಿದರು. "ಎಷ್ಟಾಯಿತು ಒಟ್ಟು?" "ಆರು, ಮೈ ಲಾರ್ಡ್." ಎದುರು ವಕೀಲರ ಕಡೆ ತಿರುಗಿದರು. "ಈ ಸ್ಥಿತಿಯಲ್ಲಿ ಇರುವವರು ಹಿಸ್ಟರಿ ಹೇಳುತ್ತಾರಾ?" ಅವರೂ ಪ್ರಾಮಾಣಿಕವಾಗಿಯೇ ಉತ್ತರಿಸಿದರು, ರೆಕಾರ್ಡ್ಸ್‌ನವರು ರೋಗಿಯನ್ನು ನೋಡಿದವರಲ್ಲ ಅಂತ. ಆಮೇಲೆ ನನ್ನ ಕಡೆ ಆ ಪ್ರಶ್ನೆ ಬಂತು. ಸಾಕ್ಷಿಗೆ ತೋರಿಸಿದ್ದೀರಾ?

ಆ "ಇಲ್ಲ"ಗೆ ಎಷ್ಟು ಬೆಲೆ ತೆತ್ತೆವು ಅನ್ನುವುದು ಮುಂದಿನ ಐದು ನಿಮಿಷದಲ್ಲಿ ಗೊತ್ತಾಯಿತು. ಟ್ರಿಬ್ಯೂನಲ್‌ನ ಆದೇಶ ರದ್ದಾಯಿತು. ಆದರೆ ಪರಿಹಾರವನ್ನು ಹೈಕೋರ್ಟ್ ತಾನೇ ನಿಗದಿ ಮಾಡಲಿಲ್ಲ. ಚೀಟಿಯ ಬಗ್ಗೆ ಉತ್ತರ ಕೊಡುವ ಅವಕಾಶ ಕಂಪನಿಗೆ ಸಿಕ್ಕಿರಲಿಲ್ಲ, ಅದು ಸಿಗಬೇಕು. ಎರಡೂ ಕಡೆಯವರು ಸಾಕ್ಷ್ಯ ಕೊಡಲಿ ಅಂತ ರಿಮ್ಯಾಂಡ್. ನಾನು ಅವತ್ತು ತೋರಿಸಿದ್ದರೆ ಕ್ವಾಂಟಮ್ ಕೂಡ ಅಲ್ಲೇ ಮುಗಿಯಬಹುದಿತ್ತು.

ಮತ್ತೆ ಅದೇ ಟ್ರಿಬ್ಯೂನಲ್. ಈ ಸಲ ಡ್ಯೂಟಿ ಡಾಕ್ಟರ್‌ಗೆ ಸಮನ್ಸ್ ತೆಗೆಸಿದೆ. ಪ್ರಜ್ಞೆ ಇಲ್ಲದವರು ಬಂದರೆ ಕರೆತಂದವರು ಹೇಳಿದ್ದನ್ನು ಬರೆಯುತ್ತೇವೆ, ಆ ದಿನವೂ ಹಾಗೇ ಬರೆದಿರಬೇಕು ಅಂದರು. ಟೀ ಅಂಗಡಿಯವರೂ ಬಂದರು. ಅಕ್ಕ ಅವರ ಅಂಗಡಿಗೇ ಹೋಗಿ ಕೇಳಿದ್ದರಂತೆ. ನಾನು ಒಂದು ಫೋನಿನಲ್ಲಿ ಬೇಡ ಅಂದವರನ್ನು ಅವರು ಎರಡು ಬಸ್ ಬದಲಾಯಿಸಿ ಹೋಗಿ ಕರೆತಂದರು.

ಈಗ ನಾನು ಕೇಸ್‌ಶೀಟ್ ಮಾರ್ಕ್ ಮಾಡಿಸುವ ಮೊದಲು ಪೆನ್ಸಿಲ್‌ನಲ್ಲಿ ಪುಟಕ್ಕೆಲ್ಲ ನಂಬರ್ ಹಾಕುತ್ತೇನೆ. ಕೋರ್ಟ್ ಸೆಟ್‌ಗೂ ಅದೇ ನಂಬರ್. ಹಿಸ್ಟರಿ, ಕರೆತಂದವರು, ಜಿಸಿಎಸ್, ಸಮಯ, ಇವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ರೆಫರಲ್ ಚೀಟಿ ಎಲ್ಲಿದೆ ಅಂತ ಮೊದಲು ಹುಡುಕುತ್ತೇನೆ. ಮಾದರಿ ಅಫಿಡವಿಟ್‌ನ ಆ ಸಾಲನ್ನು ತೆಗೆಸಿದ್ದೇನೆ. ಅದಕ್ಕೆ ಆಫೀಸಿನಲ್ಲಿ ಸಣ್ಣ ಜಗಳವೂ ಆಯಿತು. ಅಪಘಾತದ ಆರು ತಿಂಗಳೊಳಗೆ ಕ್ಲೇಮ್ ಹಾಕಬೇಕೆಂಬ ಉಪವಿಧಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಎಲ್ಲರಿಗೂ ಅವಸರ. ಮಾದರಿ ಇದ್ದರೆ ಬೇಗ ಆಗುತ್ತದೆ ಅನ್ನುತ್ತಾರೆ. ಬೇಗ ಆಗುತ್ತದೆ, ನಿಜ. ಆದರೆ ನೆನಪಿಲ್ಲದವರ ಬಾಯಿಗೆ ನಾವು ಮಾತು ತುರುಕಬಾರದು. ಎಂಬತ್ತು ಫೈಲ್ ಒಬ್ಬರ ಮೇಲೆ ಹಾಕುವುದೂ ನಿಲ್ಲಬೇಕು. ಇದನ್ನು ಸೀನಿಯರ್‌ಗೆ ನೇರವಾಗಿಯೇ ಹೇಳಿದ್ದೇನೆ. ಈಗ ಐವತ್ತೈದಿವೆ.

2025ರ ಮಾರ್ಚ್‌ನಲ್ಲಿ ಅವಾರ್ಡ್ ಬಂತು. 11 ಲಕ್ಷದ 40 ಸಾವಿರ, ಶೇಕಡ 6 ಬಡ್ಡಿ, 74 ದಿನ ಕಳೆದು. ಆ 74 ದಿನದ ಬಡ್ಡಿಯನ್ನು ಲೆಕ್ಕ ಹಾಕಿ ನೋಡಿದೆ. ಸುಮಾರು 13,900 ರೂಪಾಯಿ. ಅಕ್ಕನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ.

ಕಾಪಿ ತೆಗೆದುಕೊಳ್ಳಲು ಇಬ್ಬರೂ ಆಫೀಸಿಗೆ ಬಂದರು. ಗಂಡ ಕೋಲು ಊರಿಕೊಂಡು ಮೆಟ್ಟಿಲು ಹತ್ತಿದರು. ಮೊತ್ತದ ಪುಟ ತೆಗೆದು ತೋರಿಸಲು ಹೋದೆ. ಅಕ್ಕ ತಡೆದರು.

"ಅದಿರಲಿ ಮೇಡಂ. ಸುಳ್ಳು ಅಂತ ಬರೆದಿದ್ರಲ್ಲ, ಅದನ್ನ ತೆಗೆದವ್ರಾ?"

ಇಶ್ಯೂ ನಂಬರ್ 1ರ ಉತ್ತರ ಇರುವ ಪುಟ ತೆಗೆದೆ. ಅಪಘಾತ ಈ ಗಾಡಿಯಿಂದಲೇ ಆಗಿದೆ ಅಂತ ಸಾಬೀತಾಗಿದೆ ಅನ್ನುವ ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳಿದೆ. ಇನ್ನೊಂದು ಸಲ ಹೇಳಿ ಅಂದರು. ಹೇಳಿದೆ. ಆ ಒಂದು ಪುಟದ ಜೆರಾಕ್ಸ್ ಬೇಕು ಅಂದರು. ಮಾಡಿಸಿ ಕೊಟ್ಟೆ. ಅದನ್ನು ನಾಲ್ಕಾಗಿ ಮಡಚಿ, ರೇಷನ್ ಕಾರ್ಡ್ ಇಟ್ಟಿದ್ದ ಪ್ಲಾಸ್ಟಿಕ್ ಕವರ್‌ನೊಳಗೆ ಇಟ್ಟುಕೊಂಡರು.